ಬಿರುಗಾಳಿಯೂ ಹಿತ್ತಿಲ ಬಾವಿಯೂ

ಬಿರುಗಾಳಿ ಬೀಸುವ ಹೊತ್ತಿನಲ್ಲಿ ಗೃಹಸ್ಥನು ಮಾಡಬಹುದಾದ ಕೆಲಸ ಹೆಚ್ಚೇನೂ ಇರುವುದಿಲ್ಲ. ಬಾಗಿಲು ಕಿಟಕಿಗಳನ್ನು ಭದ್ರಪಡಿಸಿ, ಮಕ್ಕಳನ್ನು ಬಳಿಯಲ್ಲಿ ಕೂಡಿಸಿಕೊಂಡು, ದೇವರನ್ನು ನೆನೆಯುತ್ತಿದ್ದರೆ ಆಯಿತು. ನಿಜವಾದ ಪರೀಕ್ಷೆ ಮೊದಲಾಗುವುದು ಗಾಳಿ ನಿಂತ ಮರುದಿನ. ಈ ಮಾತನ್ನು ನಾವು ಗ್ರಂಥಗಳಿಂದ ಕಲಿತವರಲ್ಲ; 2016ನೆಯ ಇಸವಿಯ ಡಿಸೆಂಬರ್ ತಿಂಗಳಲ್ಲಿ ಚೆನ್ನೈ ನಗರದಲ್ಲಿದ್ದು ಕಲಿತೆವು. ನಗರವಾಸಿಗಳಾದ ವಾಚಕರಿಗೆ ಉಪಯೋಗವಾದೀತೆಂದು ಅದನ್ನು ಇಲ್ಲಿ ನಿವೇದಿಸುತ್ತೇವೆ.

ಆಗ ನಾವು ಇನ್ನೂ ಉಪಾಧ್ಯಾಯವೃತ್ತಿಯಲ್ಲಿದ್ದೆವು. ಪುರಸವಾಕ್ಕದಲ್ಲಿ ಸಂಸಾರ ಹೂಡಿದ್ದ ನಮ್ಮ ತಂಗಿಯ ಮನೆಗೆ ನಾಲ್ಕು ದಿನದ ರಜೆಯ ಮೇಲೆ ಹೋಗಿದ್ದೆವು. ನಾಲ್ಕು ಅಂತಸ್ತಿನ ಕಟ್ಟಡ. ಅವರ ವಾಸ ಮೂರನೆಯದರಲ್ಲಿ. ತಂಗಿ, ಭಾವಮೈದುನ, ಇಬ್ಬರು ಮಕ್ಕಳು, 78 ವರ್ಷದ ಅತ್ತೆ, ಇಷ್ಟು ಜನ. ಆ ವೃದ್ಧೆಗೆ ಮಧುಮೇಹ; ದಿನಕ್ಕೆ ಎರಡು ಸಲ ಇನ್ಸುಲಿನ್ ಚುಚ್ಚಬೇಕಾಗಿತ್ತು.

ಬಂಗಾಳ ಕೊಲ್ಲಿಯಲ್ಲಿ ಎದ್ದ ‘ವರ್ದಾ’ ಎಂಬ ಚಂಡಮಾರುತವು 12ನೆಯ ತಾರೀಖು ಸೋಮವಾರ ಮಧ್ಯಾಹ್ನ ಚೆನ್ನೈಯ ಬಳಿ ನೆಲ ಹತ್ತಿತು. ವರ್ದಾ ಎಂದರೆ ಗುಲಾಬಿ ಹೂವಂತೆ! ಆ ಹೂವಿನ ಉಸಿರು ಗಂಟೆಗೆ 100 ಕಿಲೋಮೀಟರನ್ನು ಮೀರಿ ಬೀಸಿತು. ನಡುವೆ ಒಮ್ಮೆ ಗಾಳಿ ತಟ್ಟನೆ ಉಡುಗಲು, ಭಾವಮೈದುನನು ತನ್ನ ಮೋಟಾರುಗಾಡಿಯನ್ನು ನೋಡಿ ಬರುವೆನೆಂದು ಹೊರಟನು. ನಾವು ತಡೆದೆವು. ಚಂಡಮಾರುತದ ನಟ್ಟನಡುವೆ ಶಾಂತವಾದ ಪ್ರದೇಶವೊಂದಿರುತ್ತದೆ. ಅದನ್ನು ಕಣ್ಣು ಎನ್ನುವರು. ಗಾಳಿಯು ಅದರ ಸುತ್ತಲೂ ಚಕ್ರದಂತೆ ತಿರುಗುವುದರಿಂದ, ಕಣ್ಣು ದಾಟಿದೊಡನೆ ಮೊದಲಿನದಕ್ಕೆ ಇದಿರಾದ ದಿಕ್ಕಿನಿಂದ ಬೀಸತೊಡಗುವುದು. ಹಾಗೆಯೇ ಆಯಿತು. ಮೊದಲ ಗಾಳಿಗೆ ವಾಲಿ ಬೇರು ಸಡಿಲವಾಗಿದ್ದ ಬೀದಿಯ ಮರವು ಎರಡನೆಯ ಗಾಳಿಗೆ ಬುಡಮೇಲಾಗಿ ಆ ಗಾಡಿಯ ಮೇಲೆಯೇ ಬಿತ್ತು.

ಬೆಳಗಾಗಿ ನೋಡಿದರೆ ನಗರದಲ್ಲಿ ಸಾವಿರಾರು ಮರಗಳು ಮಲಗಿದ್ದವು. ಅವುಗಳೊಡನೆ ವಿದ್ಯುತ್ತಿನ ಕಂಬಗಳೂ ಮಲಗಿದ್ದವು. ವಿದ್ಯುತ್ತಿಲ್ಲವೆಂದರೆ ದೀಪವಿಲ್ಲವೆಂದಷ್ಟೇ ನಾವು ಹಳ್ಳಿಯವರು ತಿಳಿಯುತ್ತೇವೆ. ಅಲ್ಲಿ ನೀರನ್ನು ಮಾಳಿಗೆಯ ತೊಟ್ಟಿಗೆ ಏರಿಸುವ ಯಂತ್ರ ನಿಂತಿತು, ಎತ್ತುಗ ನಿಂತಿತು, ದೂರವಾಣಿ ಮೂಕವಾಯಿತು. ಹಿಂದಿನ ತಿಂಗಳ 8ನೆಯ ತಾರೀಖು 500 ಮತ್ತು 1000 ರೂಪಾಯಿಯ ನೋಟುಗಳ ಚಲಾವಣೆ ರದ್ದಾಗಿ, ಎಲ್ಲೆಲ್ಲಿಯೂ ಚಿಲ್ಲರೆಗೆ ಬರ. ಕಾರ್ಡು ಉಜ್ಜಿ ಕೊಳ್ಳೋಣವೆಂದರೆ ಅಂಗಡಿಯ ಯಂತ್ರಕ್ಕೂ ಜೀವವಿಲ್ಲ. ಬ್ಯಾಂಕಿನಲ್ಲಿ ಹಣವುಳ್ಳ ಗೃಹಸ್ಥನು, ಕೈಯಲ್ಲಿ 2000 ರೂಪಾಯಿಯ ಹೊಸ ನೋಟನ್ನು ಹಿಡಿದುಕೊಂಡು, ಅರ್ಧ ಸೇರು ಹಾಲಿಲ್ಲದೆ ಮನೆಗೆ ಹಿಂದಿರುಗಿದನು.

ಮಂಗಳವಾರ ಸಂಜೆ ತೊಟ್ಟಿಯ ನೀರು ಮುಗಿಯಿತು. ಅದೇ ಕಟ್ಟಡದ ಹಿತ್ತಿಲಲ್ಲಿ, ಐವತ್ತು ಹೆಜ್ಜೆಯೊಳಗೆ, ಒಂದು ಬಾವಿಯಿತ್ತು. ಆದರೂ ಭಾವಮೈದುನನು ಕೊಡ ಹಿಡಿದು ಇಳಿಯಲೊಲ್ಲನು. ಕಾರಣ ಕೇಳಲು, ಬಹಳ ಹೊತ್ತಿನ ಮೇಲೆ ತಂಗಿ ಹೇಳಿದಳು.

ಆ ನಿವೇಶನವು ಮೊದಲು ಕೆಳಗಿನ ಮನೆಯ ತಮಿಳು ವೃದ್ಧೆಯೊಬ್ಬರದು. ಕಟ್ಟಡವೆದ್ದಾಗ ಅವರು ಕೆಳಮನೆಯನ್ನೂ ತಮ್ಮ ಹಳೆಯ ಬಾವಿಯನ್ನೂ ಉಳಿಸಿಕೊಂಡಿದ್ದರು. ಆರು ತಿಂಗಳ ಹಿಂದೆ ಮೇಲಿನ ಮನೆಗಳವರೆಲ್ಲ ಸೇರಿ, ಬಾವಿಯಿಂದ ಸೊಳ್ಳೆಯ ಕಾಟ, ಮಕ್ಕಳಿಗೆ ಅಪಾಯ, ಮುಚ್ಚಿದರೆ ಇನ್ನೆರಡು ಗಾಡಿಗಳಿಗೆ ಸ್ಥಳವಾದೀತು, ಎಂದು ಕಾಗದ ಬರೆದುಕೊಟ್ಟಿದ್ದರು. ಆಕೆ ಒಪ್ಪಲಿಲ್ಲ. ಅಂದಿನಿಂದ ಮಾತುಕತೆ ನಿಂತಿತ್ತು.

ಅತಿಥಿಗಳಿಗೆ ಅಭಿಮಾನ ಕಡಮೆ. ನಾವೇ ಕೊಡ ಹಿಡಿದು ಇಳಿದೆವು. ತಮಿಳರು ‘ತಣ್ಣೀರ್’ ಎಂದರೆ ಬರಿಯ ನೀರು. ನಮ್ಮಲ್ಲಿ ತಂಪಾದ ನೀರು. ಇಷ್ಟೇ ಭೇದ, ನಮ್ಮ ಮಾತು ಆಕೆಗೆ ತಿಳಿಯಿತು. ಆಕೆ ನಮ್ಮ ಮುಖವನ್ನು ನೋಡಿ, “ಆ ಕಾಗದದಲ್ಲಿ ನಿಮ್ಮವರ ರುಜು ಎರಡನೆಯದು” ಎಂದರು. ನಮಗೆ ಉತ್ತರ ತೋರಲಿಲ್ಲ. ಆಕೆ ಒಳಗೆ ಹೋಗಿ ಹಗ್ಗವನ್ನು ತಂದು ಕೈಗಿತ್ತು, “ಹಗ್ಗ ಹೊಸದು, ಅಂಗೈ ಸುಟ್ಟೀತು, ನಿಧಾನವಾಗಿ ಸೇದಿ” ಎಂದರು.

ನಾಲ್ಕನೆಯ ಕೊಡ ತುಂಬುವಷ್ಟರಲ್ಲಿ ಭಾವಮೈದುನನು ಇಳಿದು ಬಂದು, ಮಾತಾಡದೆ ನಮ್ಮ ಕೈಯಿಂದ ಹಗ್ಗವನ್ನು ತೆಗೆದುಕೊಂಡನು. ಬುಧವಾರದ ಹೊತ್ತಿಗೆ ಎಲ್ಲ ಮನೆಗಳ ಹುಡುಗರೂ ಮೆಟ್ಟಿಲುಗಳ ಮೇಲೆ ಸಾಲಾಗಿ ನಿಂತು, ಕೈಯಿಂದ ಕೈಗೆ ಕೊಡಗಳನ್ನು ಏರಿಸುತ್ತಿದ್ದರು. ಕುಡಿಯುವ ನೀರನ್ನು ಚೆನ್ನಾಗಿ ಕುದಿಸಿ ಆರಿಸುವುದೆಂದು ನಿಯಮವಾಯಿತು.

ಇನ್ನು ಔಷಧದ ಚಿಂತೆ. ಶೀತಪೆಟ್ಟಿಗೆಯು ಬರಿಯ ಕಪಾಟಾಗಿತ್ತು. ಅದರೊಳಗೆ ಇನ್ಸುಲಿನ್ನಿನ ಮೂರು ಸೀಸೆಗಳು. ಅವು ಕೆಟ್ಟರೆ ಬೇರೆ ತರಲು ತೆರೆದ ಅಂಗಡಿಯನ್ನು ಕಾಣೆವು. ಭಾವಮೈದುನನು ಮಂಜುಗಡ್ಡೆಗಾಗಿ ಎರಡು ಮೈಲಿ ಅಲೆದು ಬರಿಗೈಯಲ್ಲಿ ಬಂದನು. ಸಂಗತಿ ಕೇಳಿದ ಕೆಳಮನೆಯ ಅಮ್ಮನವರು, ತಮ್ಮ ಯಜಮಾನರಿಗೂ ಇದೇ ರೋಗವಿತ್ತೆಂದು ಹೇಳಿ, ಎರಡು ಮಣ್ಣಿನ ಮಡಕೆಗಳನ್ನು ತೆಗೆದುಕೊಟ್ಟರು. ದೊಡ್ಡದರಲ್ಲಿ ಒದ್ದೆ ಮರಳು, ಅದರೊಳಗೆ ಚಿಕ್ಕದು, ಚಿಕ್ಕದರಲ್ಲಿ ಸೀಸೆಗಳು, ಮೇಲೆ ಒದ್ದೆ ಬಟ್ಟೆ. ನೀರು ಆವಿಯಾಗುವಾಗ ಶಾಖವನ್ನು ಒಯ್ಯುವುದರಿಂದ ಒಳಗೆ ತಂಪು. ನಡೆದುಹೋಗಿ ವೈದ್ಯರನ್ನು ವಿಚಾರಿಸಲು, ಅವರು ಇದನ್ನು ಒಪ್ಪಿದರು. ಬಳಕೆಗೆ ತೆರೆದ ಸೀಸೆ ಬಿಸಿಲು ತಾಗದ ಸಾಮಾನ್ಯ ಕೋಣೆಯಲ್ಲಿ ಸುಮಾರು ನಾಲ್ಕು ವಾರ ಕೆಡದು, ತೆರೆಯದವನ್ನು ತಂಪಿನಲ್ಲಿಡಬೇಕು, ಮಂಜುಗಡ್ಡೆಗೆ ತಾಗಿ ಹೆಪ್ಪುಗಟ್ಟಿದ್ದನ್ನಂತೂ ಉಪಯೋಗಿಸಲೇಬಾರದು. ಅಲೆದು ತಾರದೆ ಹೋದ ಮಂಜುಗಡ್ಡೆಯಿಂದ ಹಾನಿಯೇ ಆಗುತ್ತಿತ್ತೋ ಏನೋ!

ಶುಕ್ರವಾರ ರಾತ್ರಿ ದೀಪ ಬಂದಿತು. ವೃದ್ಧೆಗೆ ಒಂದು ಹೊತ್ತಿನ ಔಷಧವೂ ತಪ್ಪಿರಲಿಲ್ಲ. ಮರುದಿನ ಭಾವಮೈದುನನು ಕೆಳಮನೆಗೆ ಹೋಗಿ ಆ ಕಾಗದವನ್ನು ಕೇಳಿ, ತನ್ನ ರುಜುವನ್ನು ಆಕೆಯ ಇದಿರಿನಲ್ಲೇ ಹೊಡೆದುಹಾಕಿದನು. ಉಳಿದವರಲ್ಲಿ ಕೆಲವರು ಹಾಗೆ ಮಾಡಿದರು, ಕೆಲವರು ಮಾಡಲಿಲ್ಲ. ಅವರು ಹೇಳಿದ ಅಪಾಯವೇನೂ ಸುಳ್ಳಲ್ಲ. ಆದ್ದರಿಂದ ಎಲ್ಲರೂ ಹಣ ಹಾಕಿ ಬಾವಿಗೆ ಕಬ್ಬಿಣದ ಜಾಲರಿಯನ್ನೂ ಸೊಳ್ಳೆಯ ಪರದೆಯನ್ನೂ ಹೊದಿಸಿದರು. ಮಳೆನೀರನ್ನು ಹಿಡಿದಿಡುವುದು ತಮಿಳುನಾಡಿನಲ್ಲಿ 2003ರಿಂದ ಎಲ್ಲ ಕಟ್ಟಡಗಳಿಗೂ ಕಡ್ಡಾಯ. ಇಲ್ಲಿ ಅದಕ್ಕಾಗಿ ಹಾಕಿ ಕಸ ಕಟ್ಟಿದ್ದ ಕೊಳವೆಯನ್ನು ಶುಚಿಮಾಡಿ, ಮಾಳಿಗೆಯ ನೀರನ್ನು ಸೋಸಿ ಬಾವಿಗೆ ಬಿಟ್ಟರು. 2019ರ ಬೇಸಗೆಯಲ್ಲಿ ನಗರದ ಕೆರೆಗಳು ಬತ್ತಿದಾಗ ಬಾವಿಯ ನೀರು ತಳ ಕಂಡಿತಾದರೂ ಪೂರ್ತಿಯಾಗಿ ಆರಲಿಲ್ಲವೆಂದು ತಂಗಿ ಬರೆದಿದ್ದಳು.

ನೀರಡಿಸಿದಾಗ ಬಾವಿ ತೋಡಬಾರದೆಂಬ ಗಾದೆ ಎಲ್ಲರೂ ಬಲ್ಲದ್ದು. ಹಿರಿಯರು ತೋಡಿದ ಬಾವಿಯನ್ನು, ನೀರಡಿಕೆಯಿಲ್ಲದ ದಿನಗಳಲ್ಲಿ ಮುಚ್ಚಬಾರದೆಂಬುದನ್ನು ನಾವು ಅಲ್ಲಿ ಕಲಿತೆವು. ನೆರೆಹೊರೆಯ ಮಾತುಕತೆಯೂ ಅಂಥ ಬಾವಿಯೇ. ನಗರದ ಮನೆಯು ನೂರಾರು ಮೈಲಿಯಾಚೆಯ ವಿದ್ಯುದಾಗಾರದೊಡನೆ ತಂತಿಯಿಂದ ಕೂಡಿಕೊಂಡಿದ್ದು, ಕೆಳಗಿನ ಮನೆಯೊಡನೆ ಯಾವ ಸಂಬಂಧವೂ ಇಲ್ಲದೆ ಇರಬಲ್ಲದು. ತಂತಿ ಹರಿದ ದಿನ ಅದರ ಫಲ ತಿಳಿಯುವುದು.

ಆದಕಾರಣ ವಾಚಕರಲ್ಲಿ ನಮ್ಮ ವಿಜ್ಞಾಪನೆ ಇಷ್ಟೆ. ಮಳೆಗಾಲಕ್ಕೆ ಮುನ್ನ ಸ್ವಲ್ಪ ಚಿಲ್ಲರೆ ಹಣ, ಎರಡು ಕೊಡ ನೀರು, ಬೆಂಕಿಪೆಟ್ಟಿಗೆ, ರೋಗಿಗಳಿದ್ದರೆ ಹದಿನೈದು ದಿನದ ಔಷಧ, ಇವನ್ನು ತೆಗೆದಿರಿಸಿ. ಕೆಳಗಿನ ಮನೆಯವರ ಹೆಸರು ತಿಳಿಯದಿದ್ದರೆ, ಗಾಳಿ ಏಳುವವರೆಗೆ ಕಾಯದೆ ಇಂದೇ ಹೋಗಿ ಕೇಳಿಕೊಂಡು ಬನ್ನಿ.