ಕಾರಿನಂಗಡಿಯ ಫಲಕ ಬದಲಾದಾಗ

ಈ ಸಂಚಿಕೆಯಲ್ಲಿ ಕೊಳೆರೋಗವನ್ನಾಗಲಿ ಕಾಫಿಯ ಧಾರಣೆಯನ್ನಾಗಲಿ ಕುರಿತು ಬರೆಯದೆ ಕಾರಿನಂಗಡಿಯ ವಿಷಯ ಎತ್ತಿಕೊಂಡದ್ದಕ್ಕೆ ಸದಸ್ಯ ಬಾಂಧವರು ಆಶ್ಚರ್ಯಪಡಬಾರದು. ಫಸಲಿಗೆ ನಾಲ್ಕು ಕಾಸು ಬಂದ ವರ್ಷ ನಮ್ಮಲ್ಲಿ ಹಳೆಯ ಜೀಪು ಕೊಟ್ಟು ಕಾರು ತರುವ ಯೋಚನೆ ಮನೆಮನೆಯಲ್ಲೂ ಹುಟ್ಟುತ್ತದೆ. ಅದರ ಮೇಲೆ 2025ರ ಸೆಪ್ಟೆಂಬರ್ 22ರಂದು ಸಣ್ಣ ಕಾರುಗಳ ಜಿಎಸ್‌ಟಿ ಶೇಕಡಾ 28 ಮತ್ತು ಸೆಸ್ಸಿನಿಂದ ಶೇಕಡಾ 18ಕ್ಕೆ ಇಳಿಯಿತು. ಮುಂಗಡ ಕಟ್ಟಿ ಸರದಿಯಲ್ಲಿ ನಿಂತವರು ನಮ್ಮ ಸದಸ್ಯರಲ್ಲೂ ಇದ್ದಾರೆ.

ಮುಂಗಡ ಕಟ್ಟಿದ ಅಂಗಡಿ ನಾಳೆ ಬೇರೆಯವರದಾದರೆ ಏನು ಗತಿ ಎಂಬ ಪ್ರಶ್ನೆ ನಮಗೆ ಎದುರಾದದ್ದು ಚಿಕ್ಕೋಡಿ ತಾಲೂಕಿನ ಕರೋಶಿಯಲ್ಲಿ. ಅಲ್ಲಿ ನಮ್ಮ ಬೀಗರಿದ್ದಾರೆ. ಕಬ್ಬು ಬೆಳೆಯುವ ಕುಟುಂಬ. ಸಮಾರಂಭವೊಂದಕ್ಕೆಂದು ಹೋದ ನಾವು ಊಟವಾದ ಮೇಲೆ ಎಲೆ ಅಡಿಕೆ ಹಾಕಿಕೊಂಡು ಕುಳಿತಿದ್ದಾಗ ಬೀಗರು ಒಂದು ಲಕೋಟೆ ತಂದು ಮುಂದಿಟ್ಟರು. “ಕಂಪನಿ ಅದೇ ಐತ್ರಿ, ಬಿಲ್ಡಿಂಗೂ ಅದೇ ಐತಿ. ಬೋರ್ಡಿನ ಮ್ಯಾಲಿನ ಹೆಸರಷ್ಟ ಬದ್ಲಿ ಆಗೇತಿ. ನನ್ನ ರೊಕ್ಕ ಕೇಳಿದ್ರ ನಮ್ಮ ಪುಸ್ತಕದಾಗ ಇಲ್ಲ ಅಂತಾರ್ರೀ!” ಎಂದರು. ಐವತ್ತು ಸಾವಿರ ರೂಪಾಯಿ ಮುಂಗಡ. ಅದಲ್ಲದೆ ಸೀಟಿನ ಹೊದಿಕೆ ಮೊದಲಾದವಕ್ಕೆಂದು ಬಿಡಿ ಚೀಟಿಯ ಮೇಲೆ ಹನ್ನೆರಡು ಸಾವಿರ. ಕಾರು ಬರುವ ಮೊದಲೇ ಆ ಏಜೆನ್ಸಿಯನ್ನು ಹಲವು ಊರುಗಳಲ್ಲಿ ಮಳಿಗೆಗಳಿರುವ ದೊಡ್ಡ ವಿತರಕರೊಬ್ಬರು ಕೊಂಡಿದ್ದರು.

ನಮ್ಮಲ್ಲಿ ಇಂಥ ಗೊಂದಲಕ್ಕೆ ಬ್ಯಾಂಕುಗಳ ಅನುಭವವೂ ಒಂದು ಕಾರಣವೆಂದು ತೋರುತ್ತದೆ. 2019ರ ಏಪ್ರಿಲ್ 1ರಂದು ವಿಜಯಾ ಬ್ಯಾಂಕು ಬ್ಯಾಂಕ್ ಆಫ್ ಬರೋಡಾದಲ್ಲಿ ಸೇರಿತು. ಮರುವರ್ಷ ಅದೇ ದಿನ ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲೂ, ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲೂ ಲೀನವಾದವು. ಪಾಸುಪುಸ್ತಕ ಬದಲಾಯಿತೇ ಹೊರತು ನಮ್ಮ ಠೇವಣಿ ಅಲುಗಲಿಲ್ಲ. ಸರ್ಕಾರದ ಯೋಜನೆಯಲ್ಲಿಯೇ ಆಸ್ತಿಯ ಜತೆಗೆ ಸಾಲಸೋಲವೆಲ್ಲ ಹೊಸ ಬ್ಯಾಂಕಿನ ತಲೆಗೆ ಬಂದಿತ್ತು. ಕಾರಿನಂಗಡಿಯ ಕೈಬದಲು ಹೀಗಲ್ಲ. ಅದು ಇಬ್ಬರು ವ್ಯಾಪಾರಿಗಳ ನಡುವಿನ ಕರಾರು. ಅದರಲ್ಲಿ ಗ್ರಾಹಕರ ಮುಂಗಡ ಯಾರ ಪಾಲಿಗೆ ಎಂದು ಬರೆದುಕೊಂಡಿರುತ್ತಾರೋ ಅದನ್ನು ನಾವು ಕಂಡಿರುವುದಿಲ್ಲ.

ಮೊದಲಿಗೆ ಈ ವ್ಯಾಪಾರದ ರೀತಿ ತಿಳಿಯಬೇಕು. ಫಲಕದ ಮೇಲೆ ದೊಡ್ಡ ಅಕ್ಷರದಲ್ಲಿರುವ ಕಂಪೆನಿ ಸಾಮಾನ್ಯವಾಗಿ ಆ ಅಂಗಡಿಯ ಒಡೆಯನಲ್ಲ. ವಿತರಕನು ಬ್ಯಾಂಕಿನಿಂದ ಸಾಲವೆತ್ತಿ ಕಾರ್ಖಾನೆಯಿಂದ ಕಾರು ಕೊಂಡು ತಂದು ನಿಲ್ಲಿಸಿಕೊಳ್ಳುತ್ತಾನೆ. ಮಾರದೆ ನಿಂತ ಒಂದೊಂದು ದಿನವೂ ಬಡ್ಡಿ ಏರುತ್ತದೆ, ಗೋದಾಮಿನಲ್ಲಿ ಬೆಲೆಗಾಗಿ ಕಾದಿಟ್ಟ ಅಡಿಕೆಯ ಮೇಲೆ ಏರುವಂತೆಯೇ. ವ್ಯತ್ಯಾಸವೆಂದರೆ ಅಡಿಕೆ ಕಾದರೆ ಬೆಲೆ ಬರಬಹುದು, ಕಾರು ಕಾದರೆ ಹಳೆಯ ವರ್ಷದ್ದಾಗುತ್ತದೆ. ಹೊಸ ಕಾರಿನ ಮೇಲಿನ ಲಾಭ ತೆಳುವು. ಗ್ಯಾರೇಜು, ಬಿಡಿಭಾಗ, ವಿಮೆ, ಸಾಲದ ದಳ್ಳಾಳಿ ಇವುಗಳಿಂದಲೇ ಅಂಗಡಿ ನಿಲ್ಲಬೇಕು. ಕಂಪೆನಿಯು ಬಣ್ಣ, ಗಾಜು, ನೆಲಹಾಸು ಎಲ್ಲ ಹೊಸ ಮಾದರಿಯಲ್ಲಿರಬೇಕೆಂದು ಹೇಳಿದಾಗ ಆ ಖರ್ಚಿನ ಭಾರವೂ ಬಹುಮಟ್ಟಿಗೆ ವಿತರಕನದೇ. ಒಂದೇ ಮಳಿಗೆಯವನು ಇದನ್ನು ತಾಳಲಾರದೆ ಹತ್ತು ಮಳಿಗೆಯವನಿಗೆ ಮಾರುತ್ತಾನೆ. ಹೀಗೆ ಬೆಳೆದ ವಿತರಕರು ಈಗ ಷೇರುಪೇಟೆಗೂ ಬಂದಿದ್ದಾರೆ: ಗುಜರಾತಿನ ಲ್ಯಾಂಡ್‌ಮಾರ್ಕ್ ಕಾರ್ಸ್ 2022ರ ಡಿಸೆಂಬರಿನಲ್ಲಿ, ಕೇರಳದ ಪಾಪ್ಯುಲರ್ ವೆಹಿಕಲ್ಸ್ 2024ರ ಮಾರ್ಚಿನಲ್ಲಿ.

ಫಲಕ ಬದಲಾದಾಗಲೆಲ್ಲ ಒಡೆಯ ಬದಲಾಗಿದ್ದಾನೆಂದೂ ತಿಳಿಯಬೇಕಿಲ್ಲ. ಮಾರುತಿಯ ಉದಾಹರಣೆಯೇ ಸಾಕು. 1983ರ ಡಿಸೆಂಬರ್ 14ರಂದು ಮೊದಲ ಕಾರು ಗ್ರಾಹಕರ ಕೈಸೇರಿದಂದಿನಿಂದ ಮೂವತ್ತು ವರ್ಷಗಳಿಗೂ ಮಿಕ್ಕಿ ಅದರ ಕಾರುಗಳಿಗೆಲ್ಲ ಒಂದೇ ಬಗೆಯ ಷೋರೂಮಿತ್ತು. 2015ರ ಜುಲೈಯಲ್ಲಿ ಹೆಚ್ಚು ಬೆಲೆಯ ಕಾರುಗಳಿಗೆಂದು ನೆಕ್ಸಾ ಎಂಬ ಬೇರೆ ಸಾಲು ತೆರೆದರು. 2017ರಲ್ಲಿ ಉಳಿದ ಹಳೆಯ ಮಳಿಗೆಗಳಿಗೆ ಅರೀನಾ ಎಂಬ ಹೆಸರು ಕೊಡತೊಡಗಿದರು. ಒಳಗಿನ ವಿತರಕರು ಎಷ್ಟೋ ಕಡೆ ಹಿಂದಿನವರೇ. ಇದಕ್ಕೆ ವಿರುದ್ಧವಾದದ್ದು ಫೋರ್ಡಿನ ಕಥೆ. 2021ರ ಸೆಪ್ಟೆಂಬರಿನಲ್ಲಿ ಕಂಪೆನಿಯು ಇಲ್ಲಿ ಕಾರು ತಯಾರಿಸುವುದನ್ನು ನಿಲ್ಲಿಸುವೆನೆಂದಿತು. ವಿತರಕರಲ್ಲಿ ಕೆಲವರು ಅದೇ ಕಟ್ಟಡದಲ್ಲಿ ಇನ್ನೊಂದು ಕಂಪೆನಿಯ ಫಲಕ ಹಾಕಿಕೊಂಡರು. ಅಲ್ಲಿ ಒಡೆಯ ಉಳಿದ, ಹೆಸರು ಹೋಯಿತು.

ಬೆಳಗಾವಿಯ ಕಡೆಯವರಿಗೆ ಇಂಥ ಮಾರ್ಪಾಟು ಹೊಸದಲ್ಲ ಎಂಬುದನ್ನು ನಡುವೆ ಹೇಳಬೇಕು. 1888ರಲ್ಲಿ ಲಕ್ಷ್ಮಣರಾವ್ ಕಿರ್ಲೋಸ್ಕರರು ಅಣ್ಣನೊಡನೆ ಬೆಳಗಾವಿಯಲ್ಲಿ ತೆರೆದದ್ದು ಸೈಕಲ್ಲಿನ ಅಂಗಡಿ. ಪರರು ತಯಾರಿಸಿದ್ದನ್ನು ಮಾರುತ್ತಿದ್ದ ಮನೆತನ ತಾನೇ ಕಬ್ಬಿಣದ ನೇಗಿಲು ಮಾಡಿತು. ಟೊಯೋಟಾದ ಜತೆ ಬಿಡದಿಯಲ್ಲಿ ಕಾರು ತಯಾರಿಸುವ ಕಂಪೆನಿಯೂ ಅದೇ ಹೆಸರನ್ನು ಹೊತ್ತು 1997ರಲ್ಲಿ ಸ್ಥಾಪನೆಯಾಯಿತು.

ಹಾಗಾದರೆ ನಮ್ಮ ಎದುರಿನ ಅಂಗಡಿಯಲ್ಲಿ ಬದಲಾದದ್ದು ಹೆಸರೋ ಒಡೆಯನೋ ಎಂದು ತಿಳಿಯುವುದು ಹೇಗೆ? ಬೀಗರ ಮನೆಯಲ್ಲಿ ನಾವು ಮಾಡಿದ್ದು ಹಳೆಯ ರಸೀದಿಯನ್ನೂ ಹೊಸ ಅಂಗಡಿಯ ಬಿಲ್ಲನ್ನೂ ಪಕ್ಕಪಕ್ಕ ಇಟ್ಟು ನೋಡಿದ್ದಷ್ಟೇ. ಜಿಎಸ್‌ಟಿ ಸಂಖ್ಯೆಯಲ್ಲಿ ಹದಿನೈದು ಅಕ್ಷರಾಂಕಿಗಳಿರುತ್ತವೆ. ಮೊದಲ ಎರಡು ರಾಜ್ಯದ್ದು. ಕರ್ನಾಟಕಕ್ಕೆ 29, ಮಹಾರಾಷ್ಟ್ರಕ್ಕೆ 27, ಕೇರಳಕ್ಕೆ 32. ನಂತರದ ಹತ್ತು ಆ ವ್ಯಾಪಾರಿಯ ಪ್ಯಾನ್ ಸಂಖ್ಯೆ. ಈ ಹತ್ತು ಎರಡರಲ್ಲೂ ಒಂದೇ ಆಗಿದ್ದರೆ ಬಣ್ಣ ಬಳಿದುಕೊಂಡ ಹಳೆಯ ಸಂಸ್ಥೆಯೇ ಎಂದರ್ಥ. ಷೇರುಗಳು ಕೈಬದಲಾಗಿದ್ದರೂ ಸಂಸ್ಥೆಯ ಹೊಣೆ ತಪ್ಪದು. ಬೇರೆಯಾಗಿದ್ದರೆ ಅಂಗಡಿ ಇನ್ನೊಬ್ಬರದು. ಬೀಗರ ಎರಡು ಕಾಗದಗಳಲ್ಲಿ ಅವು ಬೇರೆಬೇರೆಯಾಗಿದ್ದವು.

ರಾಜ್ಯದ ಅಂಕಿಯೂ ಗಡಿಯವರಿಗೆ ಮುಖ್ಯ. ಕರೋಶಿಯವರಿಗೆ ಬೆಳಗಾವಿಯಂತೆಯೇ ಕೊಲ್ಹಾಪುರವೂ ಕೈಗೆಟಕುವ ಪೇಟೆ. ನಮ್ಮ ಸುಳ್ಯದವರಿಗೆ ಕಾಸರಗೋಡು ಇದ್ದಂತೆ. ಎರಡು ಕಡೆಯ ಮಳಿಗೆಗಳೂ ಒಬ್ಬನದೇ ಆದಾಗ ಅವನಿಗೆ ಎಲ್ಲಿಂದ ಬಿಲ್ಲು ಮಾಡಿದರೂ ಒಂದೇ. ನಮಗೆ ಹಾಗಲ್ಲ. ಹೊರರಾಜ್ಯದಲ್ಲಿ ನೋಂದಣಿಯಾದ ವಾಹನವನ್ನು ಹನ್ನೆರಡು ತಿಂಗಳಿಗೂ ಮೀರಿ ಇಲ್ಲಿ ಇಟ್ಟುಕೊಂಡರೆ ಇಲ್ಲಿನ ನಂಬರು ಪಡೆಯಲೇಬೇಕು. ಆಕ್ಷೇಪಣೆಯಿಲ್ಲವೆಂಬ ಪತ್ರ, ಇಲ್ಲಿನ ತೆರಿಗೆ, ಆರ್‌ಟಿಓ ಕಛೇರಿಯ ಅಲೆದಾಟ ಎಲ್ಲವೂ ನಮ್ಮ ಪಾಲಿಗೆ.

ಈಗಾಗಲೇ ಕಾರು ಕೊಂಡವರು ಗಾಬರಿಪಡಬೇಕಿಲ್ಲ. ಕಾರಿನ ವಾರಂಟಿ ತಯಾರಕನದು. ದೇಶದಲ್ಲಿ ಅದೇ ಕಂಪೆನಿಯ ಯಾವ ಅಧಿಕೃತ ಗ್ಯಾರೇಜಿನಲ್ಲೂ ನಡೆಯುತ್ತದೆ. ವಿಮೆ ವಿಮಾ ಕಂಪೆನಿಯದು. ತೊಡಕಿರುವುದು ವಿತರಕನೇ ತನ್ನ ಹೆಸರಿನಲ್ಲಿ ಮಾರುವ ಸರ್ವೀಸು ಪ್ಯಾಕೇಜುಗಳಲ್ಲಿ. ‘ಮೂರು ವರ್ಷ ಎಣ್ಣೆ ಬದಲಾವಣೆ ಉಚಿತ’ ಎಂಬ ಕಾರ್ಡಿನಲ್ಲಿ ಕಂಪೆನಿಯ ಹೆಸರಿದೆಯೋ ಅಂಗಡಿಯ ಹೆಸರಿದೆಯೋ ನೋಡಿಕೊಳ್ಳಬೇಕು. ಅಂಗಡಿಯದಾದರೆ ಅದು ಆ ಅಂಗಡಿಯಷ್ಟೇ ಗಟ್ಟಿ.

ಬೀಗರು ಮುಂಗಡವನ್ನು ಚೆಕ್ಕಿನಲ್ಲಿ ಕೊಟ್ಟದ್ದು ಪುಣ್ಯ. ಬ್ಯಾಂಕಿನ ಲೆಕ್ಕದ ಪ್ರತಿ, ರಸೀದಿಯ ಪ್ರತಿ ಸೇರಿಸಿ ಹಳೆಯ ವಿತರಕನಿಗೆ, ಹೊಸಬನಿಗೆ, ಕಾರು ಕಂಪೆನಿಯ ವಲಯ ಕಛೇರಿಗೆ ಒಂದೇ ದಿನ ರಿಜಿಸ್ಟರ್ಡ್ ಅಂಚೆಯಲ್ಲಿ ಪತ್ರ ಹಾಕಿಸಿದೆವು. ಹಣ ಮರಳದಿದ್ದರೆ ಗ್ರಾಹಕರ ಆಯೋಗಕ್ಕೆ ಹೋಗುವುದಾಗಿಯೂ ಬರೆದೆವು. 2019ರ ಕಾಯ್ದೆಯ ಪ್ರಕಾರ ಅಂಗಡಿ ಎಲ್ಲಿದ್ದರೂ ದೂರುದಾರನು ತಾನು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ವ್ಯವಹಾರದ ಮೊತ್ತ ಐದು ಲಕ್ಷದವರೆಗಿದ್ದರೆ ಶುಲ್ಕವಿಲ್ಲ. ಎರಡು ವರ್ಷದೊಳಗೆ ಕೊಡಬೇಕು. ಅಷ್ಟು ದೂರ ಹೋಗಬೇಕಾಗಲಿಲ್ಲ. ಏಳು ವಾರಗಳ ಮೇಲೆ ಹೊಸ ಅಂಗಡಿಯವರು ಐವತ್ತು ಸಾವಿರವನ್ನು ಕಾರಿನ ಬೆಲೆಯಲ್ಲಿ ಮುರಿದುಕೊಂಡರು.

ಬಿಡಿ ಚೀಟಿಯ ಹನ್ನೆರಡು ಸಾವಿರ ನಗದು. ಅದರ ಮೇಲೆ ಜಿಎಸ್‌ಟಿ ಸಂಖ್ಯೆಯೂ ಇರಲಿಲ್ಲ, ಸಹಿ ಯಾರದೆಂದೂ ತಿಳಿಯುವಂತಿರಲಿಲ್ಲ, ಅದು ಬರಲಿಲ್ಲ. ಸೀಟಿನ ಹೊದಿಕೆಯನ್ನು ಬೀಗರು ಚಿಕ್ಕೋಡಿಯಲ್ಲಿ ಹೊಲಿಸಿದರು. ಮುಂಗಡ ಕಟ್ಟಿರುವ ಸದಸ್ಯರು ತಮ್ಮ ರಸೀದಿಯನ್ನು ಸಂತೆಯ ದಿನ ಬಿಟ್ಟು ಬೇರೆ ದಿನ ಸಂಘದ ಕಛೇರಿಗೆ ತಂದರೆ ನೋಡಿ ಹೇಳುತ್ತೇವೆ.