ಅಳೆದು ನೋಡಿದ ಹಸಿವು

ಕ್ಷಯರೋಗದ ಅಣುಜೀವಿಯನ್ನು ರಾಬರ್ಟ್ ಕಾಖ್ ಎಂಬ ಜರ್ಮನ್ ವಿಜ್ಞಾನಿಯು 1882ರಲ್ಲಿ ಕಂಡುಹಿಡಿದನು. ಗಾಳಿಯಾಡದ, ಜನ ಕಿಕ್ಕಿರಿದ ಕೋಣೆಗಳಲ್ಲಿ ಈ ರೋಗವು ಬೇಗ ಹರಡುವುದೆಂಬುದು ಇಪ್ಪತ್ತನೆಯ ಶತಮಾನದ ಆರಂಭದ ವೇಳೆಗೆ ವೈದ್ಯರಿಗೆ ಚೆನ್ನಾಗಿ ತಿಳಿದಿದ್ದಿತು. ಈ ಅರಿವು ಕೆನಡಾ ದೇಶದ ಮೂಲನಿವಾಸಿಗಳ ಮಕ್ಕಳ ಪಾಲಿಗೆ ಏನಾಯಿತೆಂಬುದನ್ನು ಇಲ್ಲಿ ನೋಡೋಣ.

ಅಲ್ಲಿಯ ಸರಕಾರವು 1880ರ ದಶಕದಿಂದ ಕ್ರೈಸ್ತ ಮಠಗಳ ನೆರವಿನೊಡನೆ ವಸತಿ ಶಾಲೆಗಳನ್ನು ವ್ಯವಸ್ಥಿತವಾಗಿ ನಡೆಸತೊಡಗಿತು. ಮಕ್ಕಳನ್ನು ತಂದೆತಾಯಿಗಳಿಂದಲೂ ಮಾತೃಭಾಷೆಯಿಂದಲೂ ಬೇರ್ಪಡಿಸಿ ಬಿಳಿಯರ ರೀತಿಗೆ ತಿದ್ದುವುದೇ ಅವುಗಳ ಉದ್ದೇಶ. ತಲೆಗೂದಲನ್ನು ಕತ್ತರಿಸುವುದು, ಹೆಸರನ್ನು ಬದಲಿಸುವುದು, ತಾಯಿನುಡಿಯನ್ನಾಡಿದರೆ ದಂಡಿಸುವುದು ಅಲ್ಲಿ ನಿತ್ಯದ ನಡವಳಿಯಾಗಿದ್ದಿತು. 1920ರಲ್ಲಿ ಕಾಯಿದೆಯನ್ನು ತಿದ್ದಿ, 7ರಿಂದ 15 ವರ್ಷದ ಮಕ್ಕಳನ್ನು ಶಾಲೆಗೆ ಕಳುಹಿಸುವುದನ್ನು ಕಡ್ಡಾಯಗೊಳಿಸಲಾಯಿತು. ಕೊನೆಯ ಶಾಲೆಗಳು 1990ರ ದಶಕದಲ್ಲಿ ಮುಚ್ಚುವವರೆಗೆ ಸುಮಾರು 1,50,000 ಮಕ್ಕಳು ಇವುಗಳಲ್ಲಿ ಬೆಳೆದರು.

1907ರಲ್ಲಿ ಸರಕಾರದ ಮುಖ್ಯ ವೈದ್ಯಾಧಿಕಾರಿಯಾಗಿದ್ದ ಡಾ. ಪೀಟರ್ ಬ್ರೈಸ್ ಅವರು ಪಶ್ಚಿಮದ ಬಯಲುಸೀಮೆಯ 35 ಶಾಲೆಗಳನ್ನು ಪರಿಶೀಲಿಸಿದರು. ಸೌದೆ ಕಲ್ಲಿದ್ದಲುಗಳ ಖರ್ಚನ್ನು ಉಳಿಸಲು, ಚಳಿಗಾಲದ ಏಳು ತಿಂಗಳು ಮಲಗುವ ಕೋಣೆಗಳ ಕಿಟಕಿಗಳಿಗೆ ಜೋಡಿ ಗಾಜು ಹಾಕಿ ಬಿಗಿಯಾಗಿ ಮುಚ್ಚುತ್ತಿದ್ದರು. ಕೆಮ್ಮುವ ಮಗುವೂ ಆರೋಗ್ಯವಂತ ಮಗುವೂ ಒಂದೇ ಗಾಳಿಯನ್ನು ಉಸಿರಾಡಬೇಕಾಗಿದ್ದಿತು. ಬ್ರೈಸ್ ಅವರಿಗೆ ಲೆಕ್ಕ ದೊರೆತ 1,537 ವಿದ್ಯಾರ್ಥಿಗಳಲ್ಲಿ ನೂರಕ್ಕೆ ಹೆಚ್ಚುಕಡಿಮೆ 25 ಮಂದಿ ಆಗಲೇ ಸತ್ತಿದ್ದರು. ಖಚಿತವಾದ ಲೆಕ್ಕವಿಟ್ಟಿದ್ದ ಒಂದು ಶಾಲೆಯಲ್ಲಂತೂ, ಬಿಟ್ಟುಹೋದವರ ಪೈಕಿ ನೂರಕ್ಕೆ 69 ಮಂದಿ ಬದುಕಿರಲಿಲ್ಲ. ಕಾರಣ ಬಹುಮಟ್ಟಿಗೆ ಎಲ್ಲೆಡೆಯೂ ಒಂದೇ: ಕ್ಷಯ. ಪರಿಹಾರವನ್ನೂ ಅವರು ಬರೆದುಕೊಟ್ಟರು. ಸರಕಾರ ಅದನ್ನು ಬದಿಗಿರಿಸಿತು. ನಿವೃತ್ತರಾದ ಬಳಿಕ, 1922ರಲ್ಲಿ, ಅವರು ಈ ಸಂಗತಿಗಳನ್ನೆಲ್ಲ ಒಂದು ಚಿಕ್ಕ ಪುಸ್ತಕವಾಗಿ ಪ್ರಕಟಿಸಿದರು. ಇಲ್ಲಿ ಕೊರತೆಯಾದುದು ಜ್ಞಾನವಲ್ಲವೆಂಬುದನ್ನು ವಾಚಕರು ಗಮನಿಸಬೇಕು.

ಮುಂದಿನ ಕಥೆಯಲ್ಲಿ ವಿಜ್ಞಾನವೇ ಆರೋಪಿಯ ಸ್ಥಾನದಲ್ಲಿ ನಿಲ್ಲುತ್ತದೆ. ಈ ಶಾಲೆಗಳ ಮಕ್ಕಳಿಗೆ ಹೊಟ್ಟೆ ತುಂಬ ಊಟವಿಲ್ಲವೆಂಬುದು 1940ರ ದಶಕದಲ್ಲಿ ಪೌಷ್ಟಿಕಾಹಾರ ತಜ್ಞರಿಗೆ ಸ್ಪಷ್ಟವಾಗಿ ಕಂಡುಬಂದಿತು. ಕಂಡವರು ಉಣಬಡಿಸಲಿಲ್ಲ, ಪ್ರಯೋಗ ಹೂಡಿದರು! ಡಾ. ಲಯೊನೆಲ್ ಪೆಟ್ ಅವರ ನೇತೃತ್ವದಲ್ಲಿ 1948ರಿಂದ 1952ರವರೆಗೆ ಆರು ಶಾಲೆಗಳ ಸುಮಾರು ಒಂದು ಸಾವಿರ ಮಕ್ಕಳು, ತಮಗಾಗಲಿ ತಂದೆತಾಯಿಗಳಿಗಾಗಲಿ ತಿಳಿಯದಂತೆ, ಇದಕ್ಕೆ ಒಳಗಾದರು. ಅಲ್ಬರ್ನಿಯ ಶಾಲೆಯಲ್ಲಿ ಮಗುವಿಗೆ ದಿನಕ್ಕೆ ಕೇವಲ 8 ಔನ್ಸ್ ಹಾಲು ದೊರೆಯುತ್ತಿದ್ದಿತು. ಇದು ಅಗತ್ಯದ ಅರ್ಧಕ್ಕಿಂತಲೂ ಕಡಿಮೆ. ಆಮೇಲೆ ಹೆಚ್ಚಿಸಿದಾಗ ಆಗುವ ವ್ಯತ್ಯಾಸವನ್ನು ಅಳೆಯಲೆಂದು ಈ ಪ್ರಮಾಣವನ್ನು ಎರಡು ವರ್ಷ ಹಾಗೆಯೇ ಉಳಿಸಲಾಯಿತು. ಶುಬೆನಕಾಡಿಯಲ್ಲಿ ಕೆಲವರಿಗೆ 'ಸಿ' ಜೀವಸತ್ವದ ಗುಳಿಗೆ, ಉಳಿದವರಿಗೆ ಅದರಂತೆಯೇ ಕಾಣುವ ಸತ್ವರಹಿತ ಗುಳಿಗೆ. ವಸಡುಗಳ ಸ್ಥಿತಿಯೇ ಅಳತೆಗೋಲಾದುದರಿಂದ, ಫಲಿತಾಂಶ ಕೆಡಬಾರದೆಂದು ಕೆಲವು ಬಗೆಯ ದಂತಚಿಕಿತ್ಸೆಯನ್ನೂ ತಡೆಹಿಡಿದರು.

ಹೋಲಿಕೆಗಾಗಿ ಒಂದು ಗುಂಪಿಗೆ ಔಷಧ ಕೊಡದಿರುವುದು ವೈಜ್ಞಾನಿಕ ವಿಧಾನದಲ್ಲಿ ಒಪ್ಪಿತವಾದ ಕ್ರಮ. ಆದರೆ ಉತ್ತರ ತಿಳಿಯದಿದ್ದಾಗ ಮಾತ್ರ. ವಸಡುಗಳನ್ನು ಕೆಡಿಸುವ ಸ್ಕರ್ವಿ ರೋಗವನ್ನು ಕಿತ್ತಳೆ, ನಿಂಬೆಗಳು ಗುಣಪಡಿಸುವುದೆಂದು ಜೇಮ್ಸ್ ಲಿಂಡ್ 1747ರಲ್ಲಿಯೇ ನಾವಿಕರ ಮೇಲೆ ಪರೀಕ್ಷಿಸಿದ್ದನು. ಇನ್ನೂರು ವರ್ಷಗಳ ತರುವಾಯ ಹಸಿದ ಮಗುವಿನಿಂದ ಕಲಿಯುವುದು ಏನು ಉಳಿದಿದ್ದಿತೋ ನಾವು ಅರಿಯೆವು. ಇತಿಹಾಸಕಾರ ಇಯಾನ್ ಮಾಸ್ಬಿ ಅವರು 2013ರಲ್ಲಿ ದಾಖಲೆಗಳನ್ನು ಪ್ರಕಟಿಸಿದ ಮೇಲೆಯೇ, ಬದುಕಿದ್ದ ಹಲವರಿಗೆ ತಾವು ಪ್ರಯೋಗವಸ್ತುಗಳಾಗಿದ್ದುದು ತಿಳಿಯಿತು.

ಬಾಲ್ಯದ ಹಸಿವು ಬಾಲ್ಯದೊಡನೆ ಮುಗಿಯುವುದಿಲ್ಲ. ಆಹಾರ ಸಾಲದಾಗ ಬೆಳೆಯುವ ದೇಹವು ಎತ್ತರವನ್ನು ಬಿಟ್ಟುಕೊಟ್ಟು, ಸಿಕ್ಕಿದ ಶಕ್ತಿಯನ್ನು ಕೊಬ್ಬಿನ ರೂಪದಲ್ಲಿ ಕೂಡಿಡುವ ಕಡೆಗೆ ವಾಲುತ್ತದೆ. ಮುಂದೆ ಊಟ ಸಮೃದ್ಧವಾದಾಗ ಅದೇ ಹೊಂದಾಣಿಕೆಯು ಸ್ಥೂಲಕಾಯಕ್ಕೂ ಮಧುಮೇಹಕ್ಕೂ ದಾರಿಮಾಡಬಹುದು. ಬೇರೆ ದೇಶಗಳ ಕ್ಷಾಮಗಳ ಅಧ್ಯಯನವನ್ನು ಆಧರಿಸಿ, ಮೂಲನಿವಾಸಿಗಳಲ್ಲಿ ಇಂದು ಕಾಣುವ ಮಧುಮೇಹದ ಆಧಿಕ್ಯಕ್ಕೆ ಈ ಶಾಲೆಗಳ ಹಸಿವೂ ಒಂದು ಕಾರಣವೆಂದು ಸಂಶೋಧಕರು ವಾದಿಸುತ್ತಾರೆ.

ಮನಸ್ಸಿನ ಗಾಯವೂ ಹೀಗೆಯೇ ಮುಂದಿನ ಪೀಳಿಗೆಗೆ ಸಾಗಿದೆ. ತಂದೆಯೋ ತಾಯಿಯೋ ವಸತಿ ಶಾಲೆಯಲ್ಲಿದ್ದವರ ಮಕ್ಕಳಲ್ಲಿ ಖಿನ್ನತೆಯ ಲಕ್ಷಣಗಳು ಹೆಚ್ಚೆಂದು ಏಮಿ ಬಾಂಬೆ ಮತ್ತು ಸಂಗಡಿಗರ ಅಧ್ಯಯನಗಳು ತೋರಿಸಿವೆ. ಇದು ವಂಶವಾಹಿಗಳ ಮೂಲಕವೂ ಸಾಗುವುದೇ ಎಂಬ ಪ್ರಶ್ನೆಗೆ ಇನ್ನೂ ನಿಶ್ಚಿತವಾದ ಉತ್ತರವಿಲ್ಲ. ನಮಗೆ ತೋರುವಂತೆ, ಅಷ್ಟು ದೂರ ಹೋಗದೆಯೇ ಅರ್ಥವಾಗುವ ಕಾರಣವೊಂದಿದೆ: ಆರೇಳು ವರ್ಷದಿಂದ ಯಾರ ಮಡಿಲನ್ನೂ ಕಾಣದೆ ಬೆಳೆದವರು ತಮ್ಮ ಕೂಸನ್ನು ಎತ್ತಿ ಆಡಿಸುವುದನ್ನು ಯಾರನ್ನು ನೋಡಿ ಕಲಿಯಬೇಕು? ಲಾಲಿ ಹಾಡಲು ಅವರಲ್ಲಿ ಹಲವರಿಗೆ ಭಾಷೆಯೂ ಉಳಿದಿರಲಿಲ್ಲ.

2008ರಲ್ಲಿ ಕೆನಡಾದ ಪ್ರಧಾನಮಂತ್ರಿಯವರು ಸಂಸತ್ತಿನಲ್ಲಿ ಕ್ಷಮೆ ಯಾಚಿಸಿದರು. ಸತ್ಯ ಮತ್ತು ಸಂಧಾನ ಆಯೋಗವು 2015ರಲ್ಲಿ 94 ಶಿಫಾರಸುಗಳನ್ನು ಮುಂದಿಟ್ಟಿತು. ಅದಕ್ಕೂ ಮೊದಲು, 1998ರಲ್ಲಿ, ಮೂಲನಿವಾಸಿಗಳೇ ಸಂಶೋಧಕರಿಗೆ ನಿಯಮವೊಂದನ್ನು ರೂಪಿಸಿದ್ದರು. ತಮ್ಮ ಜನರನ್ನು ಕುರಿತು ಸಂಗ್ರಹಿಸಿದ ಮಾಹಿತಿಯ ಒಡೆತನವೂ ಹತೋಟಿಯೂ ತಮ್ಮವು. ಅದನ್ನು ನೋಡುವ, ತಮ್ಮಲ್ಲಿಯೇ ಇರಿಸಿಕೊಳ್ಳುವ ಹಕ್ಕೂ ತಮ್ಮದು ಎಂಬುದು ಅದರ ಸಾರ. ಇಂದು ಅವರ ನಡುವೆ ಆರೋಗ್ಯದ ಸಮೀಕ್ಷೆ ನಡೆಸಬಯಸುವವರ ಮುಂದೆ ಅವರು ಇಡುವ ಷರತ್ತು ಇದೇ.