ವರ್ಚುಯಲ್ ಮಷೀನ್‌ನಲ್ಲಿ ಮೌಸ್‌ನ ಚಕ್ರ ಮುಷ್ಕರ ಹೂಡಿದರೆ

ಕೊಳ್ಳೇಗಾಲ, ಹನೂರು, ಯಳಂದೂರಿನಂಥ ಊರುಗಳ ಡಿಟಿಪಿ ಅಂಗಡಿಗಳಲ್ಲಿ ಎರಡು ದಶಕಗಳ ಹಿಂದೆ ಸಿದ್ಧವಾದ ಕನ್ನಡ ಕಡತಗಳು ಸಾಮಾನ್ಯವಾಗಿ ಯೂನಿಕೋಡ್‌ನಲ್ಲಿಲ್ಲ. ನುಡಿ, ಬರಹ, ಶ್ರೀಲಿಪಿಗಳ ಹಳೆಯ ಅಕ್ಷರ ಸಂಕೇತಗಳಲ್ಲಿವೆ. ಹನೂರು ಪ್ರತ್ಯೇಕ ತಾಲ್ಲೂಕಾಗುವ ಮೊದಲಿನ ಪತ್ರಗಳಲ್ಲಿ ‘ಕೊಳ್ಳೇಗಾಲ ತಾಲ್ಲೂಕು, ಹನೂರು ಹೋಬಳಿ’ ಎಂದಿರುತ್ತದೆ. ಅಂಥದೊಂದು ಪತ್ರವನ್ನು ತೆರೆದು ತಿದ್ದಬೇಕೆಂದರೆ ಹಳೆಯ ತಂತ್ರಾಂಶವೇ ಬೇಕು, ಅದು ಹೊಸ ಗಣಕಕ್ಕೆ ಸುಲಭವಾಗಿ ಒಗ್ಗದು. ಹೀಗಾಗಿ ವರ್ಚುಯಲ್‌ಬಾಕ್ಸ್ ಅಥವಾ ವಿಎಂವೇರ್ ಬಳಸಿ, ಹೊಸ ಗಣಕದೊಳಗೇ ವಿಂಡೋಸ್ ಎಕ್ಸ್‌ಪಿ ಇರುವ ಮತ್ತೊಂದು ಗಣಕವನ್ನು ನಡೆಸುವುದು ಒಳ್ಳೆಯ ಉಪಾಯ. (ಎಕ್ಸ್‌ಪಿಗೆ ಮೈಕ್ರೋಸಾಫ್ಟ್‌ನ ಬೆಂಬಲ 2014ರ ಏಪ್ರಿಲ್ 8ಕ್ಕೇ ಮುಗಿದಿದೆ. ಅದಕ್ಕೆ ಅಂತರಜಾಲ ಸಂಪರ್ಕ ಕೊಡದಿರುವುದೇ ಕ್ಷೇಮ.)

ಎಲ್ಲವೂ ಸರಿಯಾಯಿತು ಎನ್ನುವಷ್ಟರಲ್ಲಿ ಹೊಸ ತೊಡಕು. ಬಾಣದ ಗುರುತು ಓಡಾಡುತ್ತದೆ, ಕ್ಲಿಕ್ ಕೆಲಸ ಮಾಡುತ್ತದೆ. ಚಕ್ರ ತಿರುಗಿಸಿದರೆ ಮಾತ್ರ ಪುಟ ಜರುಗದು. ಇನ್ನೂರು ಪುಟಗಳ ಸ್ಮರಣ ಸಂಚಿಕೆಯ ಕರಡು ತಿದ್ದುವವರಿಗೆ ಇದು ಸಣ್ಣ ಕಿರಿಕಿರಿಯಲ್ಲ.

ಕಾರಣ ಮೌಸ್‌ನ ಇತಿಹಾಸದಲ್ಲಿದೆ. ಮೂಲ ಪಿಎಸ್-2 ಮೌಸ್ ತನ್ನ ಚಲನೆಯನ್ನು 3 ಬೈಟ್‌ಗಳಲ್ಲಿ ಹೇಳುತ್ತಿತ್ತು: ಒಂದು ಗುಂಡಿಗಳಿಗೆ, ಒಂದು ಅಡ್ಡ ಚಲನೆಗೆ, ಇನ್ನೊಂದು ಉದ್ದ ಚಲನೆಗೆ. ಚಕ್ರಕ್ಕೆ ಅಲ್ಲಿ ಜಾಗವೇ ಇರಲಿಲ್ಲ. 1996ರಲ್ಲಿ ಬಂದ ಮೈಕ್ರೋಸಾಫ್ಟ್ ಇಂಟೆಲಿಮೌಸ್ 4ನೇ ಬೈಟನ್ನು ಸೇರಿಸಿತು. ಆದರೆ ಹಳೆಯ ಗಣಕಗಳು ಗೊಂದಲಕ್ಕೀಡಾಗದಿರಲೆಂದು ಅದು ಮೊದಲು ಸಾದಾ ಮೌಸ್‌ನಂತೆಯೇ ವರ್ತಿಸುತ್ತದೆ. ಗಣಕದ ಚಾಲಕ ತಂತ್ರಾಂಶವು ಮಾದರಿ ವೇಗವನ್ನು 200, 100, 80 ಎಂದು ಕ್ರಮವಾಗಿ ನಿಗದಿಪಡಿಸಬೇಕು. ಬಾಗಿಲು ತಟ್ಟುವ ಗುಟ್ಟಿನ ಸಂಕೇತವಿದು. ಬಳಿಕ ಗುರುತು ಕೇಳಿದರೆ ಮೌಸ್ ಸೊನ್ನೆಯ ಬದಲು 3 ಎಂದು ಉತ್ತರಿಸಿ, ಚಕ್ರದ ಸುದ್ದಿಯನ್ನೂ ಕಳಿಸತೊಡಗುತ್ತದೆ.

ವರ್ಚುಯಲ್ ಮಷೀನ್‌ನೊಳಗಿನ ಮೌಸ್ ತಂತ್ರಾಂಶ ಕಟ್ಟಿದ ಅನುಕರಣೆ. ಈ ಮಾತುಕತೆ ತಪ್ಪಿದರೆ, ಅಥವಾ ಮಷೀನನ್ನು ತಾತ್ಕಾಲಿಕವಾಗಿ ನಿಲ್ಲಿಸಿ ಮತ್ತೆ ಎಬ್ಬಿಸಿದಾಗ ಒಂದು ಕಡೆಯವರಿಗೆ ಅದು ಮರೆತುಹೋದರೆ, ಚಕ್ರ ಮೂಕವಾಗುತ್ತದೆ. ಆದ್ದರಿಂದ ಮೊದಲು ಒಳಗಿನ ವಿಂಡೋಸನ್ನು ಪೂರ್ತಿ ಮುಚ್ಚಿ ಮತ್ತೆ ಆರಂಭಿಸಿ ನೋಡಿ. ಒಳಗಿರುವುದು ಲಿನಕ್ಸ್ ಆದರೆ ‘ಪಿಎಸ್‌ಮೌಸ್’ ಎಂಬ ಕರ್ನಲ್ ಮಾಡ್ಯೂಲನ್ನು ತೆಗೆದು ಮರಳಿ ಸೇರಿಸಿದರೂ ಅನೇಕ ವೇಳೆ ಸಾಕು.

ಅದರಿಂದಾಗದಿದ್ದರೆ ವರ್ಚುಯಲ್‌ಬಾಕ್ಸ್‌ನ ‘ಗೆಸ್ಟ್ ಅಡಿಷನ್ಸ್’ ಅಥವಾ ವಿಎಂವೇರ್‌ನ ‘ಟೂಲ್ಸ್’ ಅನ್ನು ಒಳಗಿನ ವಿಂಡೋಸ್‌ನಲ್ಲಿ ಮತ್ತೊಮ್ಮೆ ಅಳವಡಿಸಿ. ಆಗಲೂ ಹಟ ಬಿಡದಿದ್ದರೆ, ವರ್ಚುಯಲ್‌ಬಾಕ್ಸ್‌ನಲ್ಲಿ ಮಷೀನ್ ಮುಚ್ಚಿರುವಾಗ ಸೆಟ್ಟಿಂಗ್ಸ್‌ನ ಸಿಸ್ಟಂ ವಿಭಾಗಕ್ಕೆ ಹೋಗಿ, ‘ಪಾಯಿಂಟಿಂಗ್ ಡಿವೈಸ್’ ಎಂಬಲ್ಲಿ ಯುಎಸ್‌ಬಿ ಟ್ಯಾಬ್ಲೆಟ್ ಇದ್ದರೆ ಪಿಎಸ್-2 ಮೌಸ್ ಎಂದೂ, ಅದಿದ್ದರೆ ಇದನ್ನೂ ಬದಲಿಸಿ ಪರೀಕ್ಷಿಸಿ. ವಿಂಡೋಸ್ 98ಕ್ಕೆ ಮಾತ್ರ ಗೆಸ್ಟ್ ಅಡಿಷನ್ಸ್ ಇಲ್ಲ. ಅಲ್ಲಿ ಪಿಎಸ್-2 ಮೌಸೇ ಗತಿ.

ಎಷ್ಟೋ ಸಲ ದೋಷವೇ ಇರುವುದಿಲ್ಲ. ಈಗಿನ ವಿಂಡೋಸ್‌ನಲ್ಲಿ ಬಾಣ ನಿಂತ ಕಿಟಕಿಯ ಪುಟ ಸರಿಯುತ್ತದೆ. ಎಕ್ಸ್‌ಪಿಯಲ್ಲಿ ಹಾಗಲ್ಲ, ಕೊನೆಗೆ ಎಲ್ಲಿ ಕ್ಲಿಕ್ ಮಾಡಿದ್ದೀರೋ ಅಲ್ಲಿಗೇ ಚಕ್ರದ ಸಂದೇಶ ಹೋಗುತ್ತದೆ. ಕಡತದ ಮೇಲೆ ಒಮ್ಮೆ ಕ್ಲಿಕ್ ಮಾಡಿ ಚಕ್ರ ತಿರುಗಿಸಿದರೆ ಸಮಸ್ಯೆ ಕರಗಿಬಿಡಬಹುದು.

ಇದೇ ಗುಣ ಅಪಾಯಕಾರಿಯೂ ಹೌದು. ನಮೂನೆ ತುಂಬುವಾಗ ಪಟ್ಟಿಯಿಂದ ‘ಹನೂರು’ ಹೋಬಳಿಯನ್ನು ಆರಿಸಿ, ಬೇರೆಲ್ಲೂ ಕ್ಲಿಕ್ ಮಾಡದೆ ಪುಟ ಕೆಳಗಿಳಿಸಲು ಚಕ್ರ ತಿರುಗಿಸಿದಿರೆನ್ನಿ. ಪುಟ ಇಳಿಯುವ ಬದಲು ಪಟ್ಟಿಯ ಆಯ್ಕೆ ಸದ್ದಿಲ್ಲದೆ ‘ರಾಮಾಪುರ’ವಾಗಿರಬಹುದು. ಚಕ್ರ ಸರಿಪಡಿಸಿದ ಮೊದಲ ದಿನವೇ ಇಂಥ ತಪ್ಪು ನುಸುಳುವುದು ಹೆಚ್ಚು, ಅಷ್ಟು ದಿನ ಅದು ಕೆಲಸ ಮಾಡುತ್ತಿರಲಿಲ್ಲವಲ್ಲ! ಮುದ್ರಣಕ್ಕೆ ಕಳಿಸುವ ಮುನ್ನ ತಾಲ್ಲೂಕು, ಹೋಬಳಿ, ಗ್ರಾಮದ ಕಲಂಗಳನ್ನು ಮತ್ತೊಮ್ಮೆ ಓದಿ.